ಚಿತ್ರಗಳ ನಡುವೆ ಕಛೇರಿ, ನಾಟಕ: ಹೆದರಬೇಕಾದ್ದು ಯಾವುದಕ್ಕೆ?

ಓದುಗರ ಪ್ರಶ್ನೆ:

"ಧಾರವಾಡದಲ್ಲಿ ನಮ್ಮ ಟ್ರಸ್ಟಿನ ಸಣ್ಣದೊಂದು ಚಿತ್ರಶಾಲೆ ಇದೆ. ಹಳೆಯ ವಾಡೆಯ ಪಡಸಾಲೆ: 18 ಮೀಟರ್ ಉದ್ದ, 9 ಮೀಟರ್ ಅಗಲ, 5 ಮೀಟರ್ ಎತ್ತರ. ಶಹಾಬಾದ್ ಕಲ್ಲಿನ ನೆಲ, ಗಾರೆಯ ಗೋಡೆ. ಸುಮಾರು ಅರವತ್ತು ಕೃತಿಗಳಿವೆ. ಹೆಚ್ಚಿನವು ಕ್ಯಾನ್ವಾಸ್ ಮೇಲಿನ ತೈಲಚಿತ್ರಗಳು, ಒಂದಿಷ್ಟು ಜಲವರ್ಣ, ನಾಲ್ಕು ಹಳೆಯ ಮೈಸೂರು ಶೈಲಿಯ ಚಿತ್ರಗಳು, ಕೆಲವು ತೊಗಲುಗೊಂಬೆಗಳು, ಗಾಜಿನ ಕಪಾಟಿನಲ್ಲಿ ಪುಟ್ಟ ಕಂಚಿನ ಮೂರ್ತಿಗಳು. ಜನ ಬರಲಿ ಎಂದು ತಿಂಗಳಿಗೊಮ್ಮೆ ಇಲ್ಲೇ ಸಂಗೀತ ಕಛೇರಿ ಇಡಬೇಕು, ಮುಂದೆ ನಾಟಕ, ದೊಡ್ಡಾಟದ ಪ್ರಸಂಗವನ್ನೂ ಆಡಿಸಬೇಕು ಎಂದಿದ್ದೇವೆ. 150 ಜನ ಸೇರಬಹುದು. ನಮ್ಮ ಅಧ್ಯಕ್ಷರು 'ತಬಲಾ ಪೆಟ್ಟಿಗೆ ಬಣ್ಣ ಉದುರುತ್ತದೆ, ಬೇಡ' ಎನ್ನುತ್ತಾರೆ. ಕಿರಿಯ ಸದಸ್ಯರು 'ವಿದೇಶದ ಮ್ಯೂಸಿಯಂಗಳಲ್ಲಿ ದಿನಾ ಮಾಡುತ್ತಾರೆ' ಎನ್ನುತ್ತಾರೆ. ಇನ್ನೊಬ್ಬರು 'ಎರಡು ಎಸಿ ಹಾಕಿಸಿದರೆ ಮುಗಿಯಿತು' ಎನ್ನುತ್ತಾರೆ. ಯಾರ ಮಾತು ಸರಿ? ಮಾಡುವುದಾದರೆ ಹೇಗೆ?"

ಉತ್ತರ:

ನಿಮ್ಮ ಆತಂಕ ಎರಡು ಕಡೆಯದು. ಕಾರ್ಯಕ್ರಮ ಮಾಡಿದರೆ ಕೃತಿಗಳು ಹಾಳಾದಾವು, ಮಾಡದಿದ್ದರೆ ಚಿತ್ರಶಾಲೆಗೆ ಯಾರೂ ಬರುವುದಿಲ್ಲ. ಎರಡೂ ನಿಜವಾದ ಆತಂಕಗಳೇ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಬೈಠಕ್ ರೀತಿಯ, ಅಂದರೆ ಕೇಳುಗರು ಕಲಾವಿದರ ಹತ್ತಿರವೇ ನೆಲದ ಮೇಲೆ ಕುಳಿತು ಕೇಳುವ ಸಂಗೀತವನ್ನು ಈ ಪಡಸಾಲೆಯಲ್ಲಿ ಧೈರ್ಯವಾಗಿ ನಡೆಸಬಹುದು, ಆದರೆ 150 ಜನರಿಗಲ್ಲ, 80 ಜನರಿಗೆ. ರಂಗದ ದೀಪ, ಪರದೆ, ವೇದಿಕೆ ಎಲ್ಲ ಇರುವ ನಾಟಕವನ್ನು ಚಿತ್ರಗಳು ಗೋಡೆಯ ಮೇಲಿರುವಾಗ ಅಲ್ಲಿ ಆಡಿಸಬೇಡಿ. ದೊಡ್ಡಾಟವನ್ನಂತೂ ಅಂಗಳಕ್ಕೆ ತೆಗೆದುಕೊಂಡು ಹೋಗಿ.

ಮೊದಲು 'ವಿದೇಶದಲ್ಲಿ ಮಾಡುತ್ತಾರೆ' ಎಂಬ ಮಾತು. ಮಾಡುತ್ತಾರೆ, ನಿಜ. ಹೇಗೆ ಮಾಡುತ್ತಾರೆ ಎಂಬುದನ್ನೂ ನೋಡಬೇಕು. ಚಿತ್ರಶಾಲೆಯೊಳಗಿನ ಸಂಗೀತಕ್ಕೆ ಎಲ್ಲರೂ ಕೊಡುವ ದೊಡ್ಡ ಉದಾಹರಣೆ ಲಂಡನ್ನಿನ ನ್ಯಾಷನಲ್ ಗ್ಯಾಲರಿ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಪಿಯಾನೊ ವಾದಕಿ ಮೈರಾ ಹೆಸ್ ಅಲ್ಲಿ ಮಧ್ಯಾಹ್ನದ ಕಛೇರಿಗಳನ್ನು ಆರಂಭಿಸಿದರು. 1939ರ ಅಕ್ಟೋಬರ್‌ನಿಂದ 1946ರ ಏಪ್ರಿಲ್‌ವರೆಗೆ 1,698 ಕಛೇರಿಗಳು ನಡೆದವು. ಆದರೆ ಬಾಂಬಿನ ಭಯಕ್ಕೆ ಆ ಚಿತ್ರಗಳನ್ನೆಲ್ಲ ಮೊದಲೇ ಲಂಡನ್ನಿನಿಂದ ಹೊರಗೆ ಸಾಗಿಸಿ, ಕೊನೆಗೆ ವೇಲ್ಸ್‌ನ ಒಂದು ಕಲ್ಲುಗಣಿಯೊಳಗೆ ಇಟ್ಟಿದ್ದರು. ಸಂಗೀತ ಕೇಳಿಸಿದ್ದು ಬಹುಮಟ್ಟಿಗೆ ಬರಿದಾದ ಗೋಡೆಗಳ ನಡುವೆ. ಬಾಸ್ಟನ್ನಿನ ಇಸಬೆಲ್ಲಾ ಸ್ಟುವರ್ಟ್ ಗಾರ್ಡನರ್ ಮ್ಯೂಸಿಯಂ 1903ರ ಜನವರಿ 1ರಂದು ಬಾಗಿಲು ತೆರೆದದ್ದೇ ಸಂಗೀತದೊಂದಿಗೆ. ಬೆಲೆಬಾಳುವ ಚಿತ್ರಗಂಬಳಿಗಳು ತೂಗುವ ಕೋಣೆಯಲ್ಲಿ ಬಹುಕಾಲ ಕಛೇರಿ ನಡೆಸಿದ ಆ ಸಂಸ್ಥೆ ಕೊನೆಗೆ ವಾಸ್ತುಶಿಲ್ಪಿ ರೆನ್ಜೊ ಪಿಯಾನೊ ಅವರಿಂದ ಹೊಸ ಕಟ್ಟಡ ಮಾಡಿಸಿ, 2012ರಲ್ಲಿ ಸುಮಾರು 300 ಆಸನಗಳ ಬೇರೆಯದೇ ಸಭಾಂಗಣ ತೆರೆಯಿತು. ನಮ್ಮಲ್ಲೂ ಅಷ್ಟೆ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಸಂಗೀತ, ನೃತ್ಯ ನಡೆಯುವ ಸಭಾಂಗಣ ಬೇರೆ, ಚಿತ್ರಗಳಿರುವ ಭಾಗ ಬೇರೆ. ಬೆಂಗಳೂರಿನ ಕಸ್ತೂರ್ಬಾ ರಸ್ತೆಯಲ್ಲಿ 2023ರಲ್ಲಿ ತೆರೆದ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೊಗ್ರಫಿ ಕೂಡ ಒಳಗೇ ಪ್ರತ್ಯೇಕ ಸಭಾಂಗಣ ಕಟ್ಟಿಕೊಂಡಿದೆ. ಅನುಭವ ಇರುವವರು ಕಾರ್ಯಕ್ರಮವನ್ನು ಬಿಟ್ಟಿಲ್ಲ, ಆದರೆ ಕೃತಿಗಳಿಂದ ದೂರ ಇಟ್ಟಿದ್ದಾರೆ. ನಿಮಗೆ ಬೇರೆ ಸಭಾಂಗಣ ಇಲ್ಲವಾದ್ದರಿಂದ ಆ ದೂರವನ್ನು ಒಂದೇ ಪಡಸಾಲೆಯಲ್ಲಿ ಹೇಗೆ ಹುಟ್ಟಿಸುವುದು ಎಂಬುದಷ್ಟೇ ಪ್ರಶ್ನೆ.

ತಬಲಾ ಪೆಟ್ಟಿಗೆ ಬಣ್ಣ ಉದುರುತ್ತದೆಯೇ?

ಗಟ್ಟಿಯಾಗಿರುವ ಬಣ್ಣ ಉದುರುವುದಿಲ್ಲ. ಶಬ್ದವೆಂದರೆ ಗಾಳಿಯ ಒತ್ತಡದ ಏರಿಳಿತ. 94 ಡೆಸಿಬೆಲ್ ಶಬ್ದದಲ್ಲಿ ಆ ಒತ್ತಡ 1 ಪ್ಯಾಸ್ಕಲ್. ಅಂದರೆ ಒಂದು ಚದರ ಮೀಟರ್ ಕ್ಯಾನ್ವಾಸಿನ ಮೇಲೆ ಹೆಚ್ಚುಕಡಿಮೆ 100 ಗ್ರಾಂ ತೂಕದಷ್ಟು ಬಲ ಹಿಂದೆ ಮುಂದೆ ಆಡುತ್ತದೆ. ಮೈಕ್ ಇಲ್ಲದ ಗಾಯನ, ಹಾರ್ಮೋನಿಯಂ, ತಬಲಾ ಸೇರಿದರೂ ಕೆಲವು ಮೀಟರ್ ದೂರದಲ್ಲಿ 75 ಡೆಸಿಬೆಲ್ ಆಸುಪಾಸು ಇರುತ್ತದೆ. ಅಲ್ಲಿ ಬಲ ಹತ್ತು ಗ್ರಾಮಿಗೆ ಇಳಿಯುತ್ತದೆ. ಅದೇ ದೊಡ್ಡ ಸ್ಪೀಕರಿನಲ್ಲಿ 114 ಡೆಸಿಬೆಲ್ ಮಾಡಿದರೆ ಒಂದು ಕಿಲೋ. ವಾದ್ಯ ಒಂದೇ, ಅದನ್ನು ಎಷ್ಟು ಹಿಗ್ಗಿಸುತ್ತೀರಿ ಎಂಬುದರ ಮೇಲೆ ಅಪಾಯ ನಿಂತಿದೆ.

ಇನ್ನೊಂದು ಸಂಗತಿ ಸ್ವರದ ಮಟ್ಟ. ಚೌಕಟ್ಟಿಗೆ ಬಿಗಿದ ಕ್ಯಾನ್ವಾಸಿಗೆ ತನ್ನದೇ ಆದ ಆಟದ ವೇಗ ಇರುತ್ತದೆ. ದೊಡ್ಡ, ಸಡಿಲ ಕ್ಯಾನ್ವಾಸುಗಳು ಸೆಕೆಂಡಿಗೆ ಹತ್ತು ಇಪ್ಪತ್ತು ಸಲದ ಆಸುಪಾಸಿನಲ್ಲಿ ಸುಲಭವಾಗಿ ತೂಗುತ್ತವೆ. ಮನುಷ್ಯನ ದನಿ, ಸಾರಂಗಿ, ಕೊಳಲು ಇವೆಲ್ಲ ಅದಕ್ಕಿಂತ ಬಹಳ ಮೇಲಿನ ಸ್ವರಗಳು. ಕ್ಯಾನ್ವಾಸಿಗೆ ಅವು ತಾಗಿದರೂ ಅದು ಓಗೊಡುವುದು ಕಡಿಮೆ. ತೊಂದರೆ ಕೊಡುವುದು ಕೆಳಗಿನ ಗುಡುಗುವ ಸ್ವರ: ಡಗ್ಗಾದ (ತಬಲಾ ಜೋಡಿಯ ಎಡಗೈ ವಾದ್ಯ) ಘುಮಕಿಯನ್ನು ಸಬ್‌ವೂಫರಿಗೆ, ಅಂದರೆ ತಗ್ಗು ಸ್ವರಕ್ಕೆಂದೇ ಇರುವ ಸ್ಪೀಕರಿಗೆ, ಕೊಟ್ಟಾಗ, ಕೀಬೋರ್ಡಿನ ಬೇಸ್, ಧ್ವನಿಮುದ್ರಿತ ಸಿಡಿಲಿನ ಸದ್ದು. ಆದ್ದರಿಂದ ಸಬ್‌ವೂಫರ್ ಒಳಗೆ ಬರಕೂಡದು. ಮೈಕ್ ಇಡಲೇಬೇಕೆಂದರೆ ಮಿಕ್ಸರಿನಲ್ಲಿ ಪ್ರತಿ ಚಾನೆಲ್ಲಿಗೆ ಇರುವ 'ಲೋ ಕಟ್' ಗುಂಡಿಯನ್ನು ಒತ್ತಿಸಿ. ಅದು ಸಾಮಾನ್ಯವಾಗಿ 80 ಅಥವಾ 100 ಹರ್ಟ್ಜ್ (ಸೆಕೆಂಡಿಗೆ ಅಷ್ಟು ಸಲದ ಕಂಪನ) ಕೆಳಗಿನದನ್ನು ತಗ್ಗಿಸುತ್ತದೆ. ತಬಲಾದವರು ಮೊದಲು ಬೇಸರಪಟ್ಟುಕೊಂಡಾರು. ಡಗ್ಗಾದ ನೇರ ದನಿಯೇ ಆ ಪಡಸಾಲೆ ತುಂಬಲು ಸಾಕು ಎಂದು ಒಂದು ಸಲ ಮೈಕ್ ಇಲ್ಲದೆ ಕೇಳಿಸಿ ತೋರಿಸಿ, ಒಪ್ಪುತ್ತಾರೆ.

ಹಾಗಾದರೆ ಅಧ್ಯಕ್ಷರ ಮಾತು ಪೂರ್ತಿ ಸುಳ್ಳೇ? ಅಲ್ಲ. ಬಣ್ಣ ಈಗಾಗಲೇ ಎದ್ದಿದ್ದರೆ, ಸಣ್ಣ ಅಲುಗಾಟವೂ ಅದನ್ನು ಕೆಳಗೆ ಬೀಳಿಸುತ್ತದೆ. ನಿಮ್ಮಲ್ಲಿ ನನಗೆ ಹೆಚ್ಚು ಚಿಂತೆ ಆ ನಾಲ್ಕು ಮೈಸೂರು ಶೈಲಿಯ ಚಿತ್ರಗಳದು. ಉಬ್ಬುಗೆಲಸದ ಗೆಸ್ಸೊ (ಬಿಳಿ ಪುಡಿ ಮತ್ತು ಅಂಟಿನ ಲೇಪ), ಅದರ ಮೇಲೆ ಚಿನ್ನದ ಹಾಳೆ, ಕೆಳಗೆ ಹಲಗೆಗೆ ಅಂಟಿಸಿದ ಕಾಗದ ಅಥವಾ ಬಟ್ಟೆ. ಮಳೆಗಾಲದಲ್ಲಿ ಹಲಗೆ ಹಿಗ್ಗಿ, ಬೇಸಿಗೆಯಲ್ಲಿ ಕುಗ್ಗಿ, ಗೆಸ್ಸೊ ಅಲ್ಲಲ್ಲಿ ಟೊಳ್ಳಾಗಿರುತ್ತದೆ. ಎದುರಿನಿಂದ ನೋಡಿದರೆ ಗೊತ್ತಾಗದು. ಕೋಣೆ ಕತ್ತಲು ಮಾಡಿ, ಟಾರ್ಚನ್ನು ಗೋಡೆಗೆ ಸಮಾನಾಂತರವಾಗಿ ಪಕ್ಕದಿಂದ ಹಿಡಿದು ನೋಡಿ. ಎದ್ದ ಚೂರುಗಳು ನೆರಳು ಚೆಲ್ಲುತ್ತವೆ. ಅಂಥ ಒಂದು ನೆರಳು ಕಂಡರೂ ಆ ಕೃತಿ ಕಾರ್ಯಕ್ರಮದ ಕೋಣೆಯಲ್ಲಿ ಇರಬಾರದು. ಕಲಾಕೃತಿಗಳ ದುರಸ್ತಿ ಬಲ್ಲ ಸಂರಕ್ಷಕರ ಕೈಗೆ ಹೋಗಬೇಕು. ಫೆವಿಕಾಲ್ ಹಚ್ಚಿ ಕೂರಿಸುವ ಪ್ರಯತ್ನ ಯಾರೂ ಮಾಡಬೇಡಿ. ಇದ್ದಿಲು, ಪ್ಯಾಸ್ಟೆಲ್ ಚಿತ್ರಗಳಿದ್ದರೆ ಅವೂ ಹೊರಗೆ, ಏಕೆಂದರೆ ಅಲ್ಲಿ ಬಣ್ಣ ಪುಡಿಯಾಗಿಯೇ ಕುಳಿತಿರುತ್ತದೆ.

ಉಳಿದ ತೈಲಚಿತ್ರಗಳಿಗೆ ಅಗ್ಗದ, ಒಳ್ಳೆಯ ರಕ್ಷಣೆಯೊಂದಿದೆ. ಕ್ಯಾನ್ವಾಸಿನ ಹಿಂಬದಿ ತೆರೆದಿದ್ದರೆ ಅದಕ್ಕೆ ಹಿಂಬಲಗೆ, ಅಂದರೆ ಹಿಂಬದಿಯನ್ನು ಮುಚ್ಚುವ ಹಾಳೆ, ಹಾಕಿಸಿ. ಬೋರ್ಡು ಬರೆಯುವವರ ಅಂಗಡಿಯಲ್ಲಿ ಸಿಗುವ 3 ಅಥವಾ 4 ಮಿಲಿಮೀಟರ್ ದಪ್ಪದ ಸನ್‌ಪ್ಯಾಕ್ ಎಂಬ ಪ್ಲಾಸ್ಟಿಕ್ ಹಾಳೆಯೇ ಸಾಕು. ಕ್ಯಾನ್ವಾಸಿಗೆ ತಾಗದಂತೆ, ಒಳಚೌಕಟ್ಟಿನ ಮರಕ್ಕೆ ವಾಷರ್ ಹಾಕಿ ಸಣ್ಣ ಸ್ಕ್ರೂಗಳಿಂದ ಕೂರಿಸಬೇಕು. ಮೊಳೆ ಹೊಡೆಯಬಾರದು, ಆ ಪೆಟ್ಟು ಇಡೀ ವರ್ಷದ ಕಛೇರಿಗಳಿಗಿಂತ ಕೆಟ್ಟದ್ದು. ನಡುವೆ ಸಿಕ್ಕ ಗಾಳಿ ಮೆತ್ತೆಯಂತೆ ವರ್ತಿಸಿ ಕ್ಯಾನ್ವಾಸಿನ ತೂಗಾಟವನ್ನು ತಗ್ಗಿಸುತ್ತದೆ. ದೂಳು, ಜೇಡ, ಯಾರದೋ ಮೊಣಕೈ ಇವಕ್ಕೂ ತಡೆ.

ಶಬ್ದಕ್ಕಿಂತ ನೆಲದ ಅದುರಾಟ ಹೆಚ್ಚು ಕೆಲಸ ಮಾಡುತ್ತದೆ. 2013ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಮ್ಯೂಸಿಯಂನಲ್ಲಿ ಪ್ರಾಚೀನ ಈಜಿಪ್ಟಿನ ಪುಟ್ಟ ಮೂರ್ತಿಯೊಂದು ಗಾಜಿನ ಕಪಾಟಿನಲ್ಲಿ ತಾನಾಗಿಯೇ ತಿರುಗುತ್ತಿದೆ ಎಂದು ದೊಡ್ಡ ಸುದ್ದಿಯಾಗಿತ್ತು. ಶಾಪ ಗೀಪ ಏನೂ ಅಲ್ಲ. ರಸ್ತೆಯ ವಾಹನ, ಜನರ ನಡಿಗೆಯ ಅದುರಾಟ. ಮೂರ್ತಿಯ ಅಡಿ ಸ್ವಲ್ಪ ಉಬ್ಬಾಗಿದ್ದರಿಂದ ನುಣುಪು ಗಾಜಿನ ಮೇಲೆ ಅದು ಸರಿಯುತ್ತಿತ್ತು. ನಿಮ್ಮ ಕಂಚಿನ ಮೂರ್ತಿಗಳೂ ಗಾಜಿನ ಕಪಾಟಿನಲ್ಲೇ ಇವೆ. ಕಾರ್ಯಕ್ರಮಕ್ಕೆ ಮೊದಲು ಪ್ರತಿ ಮೂರ್ತಿಯ ಅಡಿಗೆ ಮೂರು ಕಡೆ ಮೈಕ್ರೋಕ್ರಿಸ್ಟಲೈನ್ ಮೇಣದ ಕಡಲೆಕಾಳಿನಷ್ಟು ಉಂಡೆ ಇಟ್ಟು ಒತ್ತಿ ಕೂರಿಸಿ. ಆಮೇಲೆ ಒಂದು ಫೋಟೊ ತೆಗೆದಿಟ್ಟುಕೊಂಡರೆ, ಮುಂದಿನ ತಿಂಗಳು ಸರಿದಿದೆಯೋ ಇಲ್ಲವೋ ತಾನೇ ಗೊತ್ತಾಗುತ್ತದೆ.

ಅಳೆಯುವುದು ಹೇಗೆ? ಪಕ್ಕದಲ್ಲಿ ಕಟ್ಟಡ ಕಾಮಗಾರಿ ನಡೆಯುವಾಗ ಎಷ್ಟೋ ಮ್ಯೂಸಿಯಂಗಳು ಸೆಕೆಂಡಿಗೆ 2 ಮಿಲಿಮೀಟರ್ ಆಸುಪಾಸಿನ ಕಂಪನ ವೇಗವನ್ನು ಎಚ್ಚರಿಕೆಯ ಗೆರೆ ಮಾಡಿಕೊಳ್ಳುತ್ತವೆ. ಅದನ್ನು ಸರಿಯಾಗಿ ಅಳೆಯುವ ಉಪಕರಣ ದುಬಾರಿ. ಮೊಬೈಲ್ ಫೋನಿನ ಅಕ್ಸೆಲೆರೋಮೀಟರ್ (ಅಲುಗಾಟ ಅಳೆಯುವ) ಆ್ಯಪಿನಲ್ಲಿ ಒರಟು ಅಂದಾಜು ಸಿಗುತ್ತದೆ. 20 ಹರ್ಟ್ಜ್ ಕಂಪನದಲ್ಲಿ ಆ ಗೆರೆ ಸುಮಾರು 0.25 ಮೀಟರ್ ಪ್ರತಿ ಸೆಕೆಂಡ್ ವರ್ಗಕ್ಕೆ ಸಮ. ಫೋನನ್ನು ಕಪಾಟಿನ ಪಕ್ಕದ ಪೀಠದ ಮೇಲೆ ಇಟ್ಟು ಎರಡು ಪ್ರಯೋಗ ಮಾಡಿ: ಮೊದಲು ಡಗ್ಗಾ ಬಾರಿಸಿ, ಆಮೇಲೆ ಮೂರು ಜನ ಹತ್ತಿರದಲ್ಲಿ ಕಾಲು ಅಪ್ಪಳಿಸಿ ಕುಣಿಯಲಿ. ಎರಡರ ವ್ಯತ್ಯಾಸ ಕಂಡರೆ ದೊಡ್ಡಾಟ ಯಾಕೆ ಬೇಡ ಎಂದೆನೋ ಅದಕ್ಕೆ ವಿವರಣೆ ಬೇಕಾಗುವುದಿಲ್ಲ. ನೆಲದ ಮೇಲಿನ ಕಲ್ಲುಹಾಸು ಆದ್ದರಿಂದ ನಿಮ್ಮ ಪಡಸಾಲೆ ಬಚಾವ್. ಮರದ ಅಟ್ಟವಿರುವ ಮಹಡಿಯಲ್ಲಿ ಇದ್ದಿದ್ದರೆ ಭರತನಾಟ್ಯಕ್ಕೂ ಬೇಡ ಎನ್ನುತ್ತಿದ್ದೆ.

ಕಿವಿಗೆ ಸಂಬಂಧಪಟ್ಟ ಮಾತು

ಕೃತಿಗಳ ಮಾತು ಬದಿಗಿಟ್ಟು, ಸಂಗೀತ ಅಲ್ಲಿ ಚೆನ್ನಾಗಿ ಕೇಳುತ್ತದೆಯೇ ನೋಡೋಣ. ನಿಮ್ಮ ಪಡಸಾಲೆಯ ಗಾತ್ರ 810 ಘನ ಮೀಟರ್. ಕಲ್ಲು, ಗಾರೆ, ಗಾಜು ಶಬ್ದವನ್ನು ಹೀರುವುದೇ ಇಲ್ಲ ಎನ್ನಬಹುದು. ಲೆಕ್ಕ ಹಾಕಿದರೆ ಖಾಲಿ ಪಡಸಾಲೆಯಲ್ಲಿ ಒಂದು ಚಪ್ಪಾಳೆಯ ಅನುರಣನ ಪೂರ್ತಿ ಅಡಗಲು 5 ಸೆಕೆಂಡಿನ ಹತ್ತಿರ ಬೇಕು. ಆಲಾಪಕ್ಕೆ ಇದು ಹಿತವೆನಿಸಬಹುದು. ದ್ರುತ್ ತಾನ್ ಮತ್ತು ತಬಲಾದ ರೇಲಾ ಎಲ್ಲ ಕಲಸಿಹೋಗುತ್ತವೆ. ಮಾತಿನ ನಾಟಕಕ್ಕೆ 1 ಸೆಕೆಂಡಿನ ಆಸುಪಾಸು ಬೇಕು, ಅಂದರೆ ನಿಮ್ಮಲ್ಲಿ ಎರಡನೇ ಸಾಲಿನವರಿಗೇ ಸಂಭಾಷಣೆ ತಿಳಿಯುವುದಿಲ್ಲ. 80 ಜನ ಕುಳಿತರೆ ಅವರ ಬಟ್ಟೆ, ಮೈ ಶಬ್ದ ಹೀರಿ ಅದು 2 ಸೆಕೆಂಡಿನ ಆಸುಪಾಸಿಗೆ ಇಳಿಯುತ್ತದೆ. ಜೊತೆಗೆ ನೆಲಕ್ಕೆ ದಪ್ಪ ಜಮಖಾನ ಹಾಸಿ, ಬಾಗಿಲು ಕಿಟಕಿಗಳಿಗೆ ಒಟ್ಟು 40 ಚದರ ಮೀಟರಿನಷ್ಟು ದಪ್ಪ ಪರದೆಯನ್ನು ನೆರಿಗೆ ಬಿಟ್ಟು ತೂಗಿಸಿದರೆ 1.5 ಸೆಕೆಂಡ್. ಬೈಠಕ್ಕಿಗೆ ಇದು ಚೆಂದ.

ಇಲ್ಲಿ ಹೆಚ್ಚಿನವರು ದಾರಿ ತಪ್ಪುವುದು ಸ್ಪೀಕರ್ ವಿಷಯದಲ್ಲಿ. ಮಾತು ಸ್ಪಷ್ಟವಿಲ್ಲ ಎಂದು ದನಿ ಏರಿಸುತ್ತಾರೆ. ಅನುರಣನದ ಕೋಣೆಯಲ್ಲಿ ದನಿ ಏರಿಸಿದರೆ ಗೊಂದಲವೂ ಅಷ್ಟೇ ಏರುತ್ತದೆ. ಸ್ಪೀಕರನ್ನು ಚಿತ್ರಗಳಿಂದ ದೂರ ಇಟ್ಟರೆ ಶಬ್ದ ಕಡಿಮೆ ತಾಗುತ್ತದೆ ಎಂಬ ನಂಬಿಕೆಯೂ ಇಲ್ಲಿ ಅರ್ಧ ಮಾತ್ರ ನಿಜ: ನಿಮ್ಮಂಥ ಪಡಸಾಲೆಯಲ್ಲಿ ಒಂದೆರಡು ಮೀಟರ್ ದಾಟಿದ ಮೇಲೆ ಎಲ್ಲಿ ನಿಂತರೂ ಶಬ್ದದ ಮಟ್ಟ ಹೆಚ್ಚುಕಡಿಮೆ ಒಂದೇ. ದೂರ ಕಾಪಾಡುವುದಿಲ್ಲ, ಪರದೆ ಮತ್ತು ಜಮಖಾನ ಕಾಪಾಡುತ್ತವೆ. ಎರಡು ಸಣ್ಣ ಸ್ಪೀಕರ್, ರಬ್ಬರ್ ಪ್ಯಾಡಿನ ಮೇಲೆ ನಿಂತ ಸ್ಟ್ಯಾಂಡಿನಲ್ಲಿ, ಗೋಡೆಗೆ ತಾಗದಂತೆ, ಜನರ ಕಡೆ ಬಾಗಿಸಿ. ಅತಿ ಹತ್ತಿರದ ಚಿತ್ರದ ಎದುರು ಫೋನಿನ ಡೆಸಿಬೆಲ್ ಆ್ಯಪ್ 85 ದಾಟದಿರಲಿ. ಇದು ನಾನು ಇಟ್ಟುಕೊಂಡಿರುವ ಗೆರೆ. ಬೈಠಕ್ಕಿನಲ್ಲಿ ಇದನ್ನು ಮುಟ್ಟುವ ಅಗತ್ಯವೇ ಬರುವುದಿಲ್ಲ.

ನಿಜವಾದ ಶತ್ರು ಉಸಿರು

ಸಂಗೀತದ ಬಗ್ಗೆ ಇಷ್ಟು ವಾದ ಮಾಡುವವರು ಕೇಳುಗರ ಉಸಿರಿನ ಬಗ್ಗೆ ಮಾತೇ ಎತ್ತುವುದಿಲ್ಲ. ಸುಮ್ಮನೆ ಕುಳಿತ ಒಬ್ಬ ಮನುಷ್ಯ ಗಂಟೆಗೆ ಸುಮಾರು 50 ಗ್ರಾಂ ನೀರನ್ನು ಉಸಿರು ಮತ್ತು ಬೆವರಿನಲ್ಲಿ ಗಾಳಿಗೆ ಬಿಡುತ್ತಾನೆ. 80 ಜನ ಎರಡೂವರೆ ಗಂಟೆ ಕುಳಿತರೆ 10 ಲೀಟರ್. 150 ಜನರಾದರೆ ಹತ್ತೊಂಬತ್ತು ಲೀಟರಿನ ಹತ್ತಿರ. ಇದು ಎಷ್ಟು ದೊಡ್ಡದು ಎಂದು ತಿಳಿಯಲು ಇನ್ನೊಂದು ಲೆಕ್ಕ: 26 ಡಿಗ್ರಿ ಉಷ್ಣತೆ, ಶೇ. 55 ಸಾಪೇಕ್ಷ ಆರ್ದ್ರತೆ (ಗಾಳಿ ಹಿಡಿಯಬಲ್ಲ ಗರಿಷ್ಠ ತೇವದ ಶೇ. 55) ಇರುವಾಗ ನಿಮ್ಮ ಇಡೀ ಪಡಸಾಲೆಯ ಗಾಳಿಯಲ್ಲಿರುವ ಒಟ್ಟು ನೀರು ಸುಮಾರು 11 ಲೀಟರ್. ಬಾಗಿಲು ಮುಚ್ಚಿ ಕಛೇರಿ ಮಾಡಿದರೆ ಅದರಷ್ಟೇ ನೀರನ್ನು ಮತ್ತೆ ಸುರಿದಂತೆ. ಅಷ್ಟೂ ಗಾಳಿಯಲ್ಲಿ ಉಳಿಯುವುದಿಲ್ಲ. ಗಾರೆ ಗೋಡೆ ಹೀರುತ್ತದೆ, ಮರದ ಚೌಕಟ್ಟು ಹೀರುತ್ತದೆ, ಕಾಗದ ಹೀರುತ್ತದೆ, ತೊಗಲುಗೊಂಬೆ ಎಲ್ಲಕ್ಕಿಂತ ಬೇಗ ಹೀರುತ್ತದೆ. ತೊಗಲು ಹಿಗ್ಗಿ ಅಂಚು ಸುರುಳಿಯಾಗುತ್ತದೆ, ಅದರ ಮೇಲಿನ ಬಣ್ಣ ಹಾಗೆ ಹಿಗ್ಗಲಾರದೆ ಬಿರಿಯುತ್ತದೆ. ಹಲಗೆಯ ಮೇಲಿನ ಗೆಸ್ಸೊಗೂ ಇದೇ ಗತಿ. ತಿಂಗಳಿಗೊಮ್ಮೆ ಹೀಗೆ ಹಿಗ್ಗಿ ಕುಗ್ಗಿದರೆ, ಎರಡು ಮೂರು ವರ್ಷದಲ್ಲಿ ಬಿರುಕು ಕಾಣಿಸಿಕೊಂಡಾಗ ದೂರು ತಬಲಾದ ಮೇಲೆ ಬರುತ್ತದೆ.

ಗುರಿ ಏನಿರಬೇಕು? ದೊಡ್ಡ ಮ್ಯೂಸಿಯಂಗಳು ಪರಸ್ಪರ ಒಪ್ಪಿಕೊಂಡಿರುವ ಸಡಿಲ ನಿಯಮದ ಪ್ರಕಾರ ಆರ್ದ್ರತೆ ಶೇ. 40ರಿಂದ 60ರ ಒಳಗಿರಬೇಕು, 24 ಗಂಟೆಯಲ್ಲಿ ಹತ್ತಕ್ಕಿಂತ ಹೆಚ್ಚು ಏರಿಳಿಯಬಾರದು. ಧಾರವಾಡದ ಮಳೆಗಾಲದಲ್ಲಿ ಎಸಿ ಇಲ್ಲದ ವಾಡೆ ಇದನ್ನು ಪಾಲಿಸಲಾರದು. ಆದ್ದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಡಸಾಲೆಯಲ್ಲಿ ಕಛೇರಿಯೇ ಬೇಡ. ನವೆಂಬರ್‌ನಿಂದ ಫೆಬ್ರುವರಿ ಒಳ್ಳೆಯ ಕಾಲ. ಆಗ ಹೊರಗಿನ ಗಾಳಿ ಒಣಗಿರುತ್ತದೆ, ಕಿಟಕಿ ತೆರೆದರೆ ಒಳಗಿನ ತೇವ ಹೊರಹೋಗುತ್ತದೆ. ಒಬ್ಬರಿಗೆ ಸೆಕೆಂಡಿಗೆ 8 ಲೀಟರ್ ಹೊಸ ಗಾಳಿ ಎಂದಿಟ್ಟುಕೊಂಡರೆ 80 ಜನರಿಗೆ ಗಂಟೆಗೆ ಸುಮಾರು 2,300 ಘನ ಮೀಟರ್ ಬೇಕು. ಎಕ್ಸಾಸ್ಟ್ ಫ್ಯಾನಿನ ಮೇಲೆ ಅದು ಗಂಟೆಗೆ ಎಷ್ಟು ಘನ ಮೀಟರ್ ಎಳೆಯುತ್ತದೆ ಎಂದು ಬರೆದಿರುತ್ತದೆ. ಒಂದು ತುದಿಯಲ್ಲಿ ಎರಡು ಫ್ಯಾನು, ಇನ್ನೊಂದು ತುದಿಯಲ್ಲಿ ಸೊಳ್ಳೆ ಜಾಲರಿ ಹಾಕಿದ ತೆರೆದ ಕಿಟಕಿ ಇಟ್ಟರೆ ಅಷ್ಟು ಗಾಳಿ ಹೊರಳುತ್ತದೆ. ಹೀಗೆ ಮಾಡಿದಾಗ ಜನರಿಂದಾಗುವ ಏರಿಕೆ ಶೇ. 7ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಅದನ್ನು ಕೃತಿಗಳು ತಾಳಿಕೊಳ್ಳುತ್ತವೆ. ಆಲಾಪದ ಹೊತ್ತಿಗೆ ಫ್ಯಾನಿನ ಸದ್ದು ಕಿರಿಕಿರಿ ಎಂದರೆ ವೇಗ ತಗ್ಗಿಸಿ, ಮಧ್ಯಂತರದಲ್ಲಿ ಪೂರ್ತಿ ಓಡಿಸಿ. ಎಲ್ಲರೂ ಎದ್ದು ಹೋದ ಮೇಲೂ ಎರಡು ಗಂಟೆ ಓಡಲಿ, ಏಕೆಂದರೆ ಗೋಡೆ ಹೀರಿದ್ದನ್ನು ನಿಧಾನವಾಗಿ ಬಿಡುತ್ತದೆ.

ಎಸಿಯ ಬಗ್ಗೆ ಕೇಳಿದ್ದೀರಿ. 80 ಜನರ ಮೈಶಾಖವೇ ಸುಮಾರು 8 ಕಿಲೋವ್ಯಾಟ್. ಒಂದೂವರೆ ಟನ್ನಿನ ಎಸಿ ಹೆಚ್ಚೆಂದರೆ 5 ಕಿಲೋವ್ಯಾಟ್ ಚಿಲ್ಲರೆ ಶಾಖ ತೆಗೆಯುತ್ತದೆ. ಎರಡು ಎಸಿ ಜನರನ್ನು ತಣ್ಣಗಿಡಲು ಹೆಣಗಾಡುತ್ತವೆ, ಹೊಸ ಗಾಳಿಯನ್ನಂತೂ ತರುವುದಿಲ್ಲ. ಕಾರ್ಯಕ್ರಮದ ಮೂರು ಗಂಟೆ ಮಾತ್ರ ಹಾಕಿ ಆರಿಸಿದರೆ ಆರ್ದ್ರತೆ ಸರ್ರನೆ ಇಳಿದು ರಾತ್ರಿ ಮತ್ತೆ ಏರುತ್ತದೆ. ಈ ಏರಿಳಿತ ಸ್ಥಿರವಾದ ತೇವಕ್ಕಿಂತ ಕೆಟ್ಟದ್ದು. ವರ್ಷವಿಡೀ ಹಗಲೂ ರಾತ್ರಿ ಓಡಿಸುವ ಶಕ್ತಿ ಟ್ರಸ್ಟಿಗೆ ಇಲ್ಲದಿದ್ದರೆ ಎಸಿ ಬೇಡ. ಆ ಹಣದ ಒಂದು ಚೂರಿನಲ್ಲಿ ಮೂರು ಡಿಜಿಟಲ್ ಆರ್ದ್ರತಾ ಮಾಪಕ ಕೊಂಡು, ಒಂದನ್ನು ವೇದಿಕೆಯ ಹತ್ತಿರ, ಒಂದನ್ನು ಜನರ ಹಿಂದೆ, ಒಂದನ್ನು ಕಪಾಟಿನೊಳಗೆ ಇಡಿ. ಕಾರ್ಯಕ್ರಮಕ್ಕೆ ಒಂದು ವಾರ ಮೊದಲಿನಿಂದ ಮೂರು ದಿನ ಆಮೇಲಿನವರೆಗೆ ಬರೆದಿಡಿ.

ಬೆಳಕು, ಬೆಂಕಿ, ಹೊಗೆ

ನಾಟಕ ಬೇಡ ಎಂದದ್ದರ ಮುಖ್ಯ ಕಾರಣ ಬೆಳಕು. ಜಲವರ್ಣ, ಕಾಗದ, ಬಟ್ಟೆಗೆ 50 ಲಕ್ಸ್ (ಮೇಲ್ಮೈಗೆ ಬೀಳುವ ಬೆಳಕಿನ ಅಳತೆ), ತೈಲಚಿತ್ರಕ್ಕೆ 200 ಲಕ್ಸ್ ಎಂಬುದು ರೂಢಿಯ ಮಿತಿ. ಬೆಳಕಿನ ಹಾನಿ ಕೂಡುತ್ತಾ ಹೋಗುತ್ತದೆ, ಮಾಸಿದ ಬಣ್ಣ ಮರಳಿ ಬರುವುದಿಲ್ಲ. ದಿನಕ್ಕೆ 8 ಗಂಟೆಯಂತೆ ವರ್ಷಕ್ಕೆ 300 ದಿನ 50 ಲಕ್ಸ್‌ನಲ್ಲಿಟ್ಟ ಜಲವರ್ಣ 1,20,000 ಲಕ್ಸ್-ಗಂಟೆ ಬೆಳಕು ಪಡೆಯುತ್ತದೆ. ರಂಗದ ದೀಪದ ಚೆಲ್ಲು ಬೆಳಕು ಅದರ ಮೇಲೆ 1,500 ಲಕ್ಸ್ ಬೀಳುತ್ತದೆ ಎಂದಿಟ್ಟುಕೊಳ್ಳಿ. ಪ್ರದರ್ಶನ 3 ಗಂಟೆ, ದೀಪ ಹೊಂದಿಸುವುದು ಮತ್ತು ತಾಲೀಮು 4 ಗಂಟೆ. ತಿಂಗಳಿಗೊಂದರಂತೆ ಹನ್ನೆರಡು ನಾಟಕಕ್ಕೆ 1,26,000. ಅಂದರೆ ಚಿತ್ರದ ಆಯುಸ್ಸು ಎರಡು ಪಟ್ಟು ವೇಗದಲ್ಲಿ ಕರಗುತ್ತದೆ. ಎಲ್‌ಇಡಿ ದೀಪದಲ್ಲಿ ಬಿಸಿ ಕಡಿಮೆ, ನೇರಳಾತೀತ ಕಿರಣ ಇಲ್ಲವೆನ್ನುವಷ್ಟು. ಆದರೆ ಕಾಣುವ ಬೆಳಕೂ ಬಣ್ಣ ತಿನ್ನುತ್ತದೆ. ಫೋಟೊ ಫ್ಲ್ಯಾಶಿನ ಬಗ್ಗೆ ಜನ ಬಹಳ ಹೆದರುತ್ತಾರೆ. ಅದು ಕ್ಷಣಮಾತ್ರದ್ದು, ಹಾನಿ ಅತ್ಯಲ್ಪ. ಗಂಟೆಗಟ್ಟಲೆ ಉರಿಯುವ ವಿಡಿಯೊ ದೀಪಕ್ಕೆ ಹೆದರಿ.

ವಿದ್ಯುತ್ತಿನ ಲೆಕ್ಕವೂ ಇದೆ. 1,000 ವ್ಯಾಟಿನ ಹ್ಯಾಲೊಜೆನ್ ದೀಪ ಎಂಟಾದರೆ 35 ಆಂಪಿಯರ್. ಹಳೆಯ ವಾಡೆಯ 15 ಆಂಪಿಯರ್ ಪ್ಲಗ್ಗಿನಿಂದ ಎಳೆದರೆ ತಂತಿ ಕಾಯುತ್ತದೆ, ಮಾಳಿಗೆಯ ಮರ ಅದರ ಪಕ್ಕದಲ್ಲೇ ಇರುತ್ತದೆ.

ದೀಪ ಬೆಳಗಿಸಿ ಉದ್ಘಾಟಿಸುವುದನ್ನು ಹೊರಗಿನ ಕಟ್ಟೆಯ ಮೇಲೆ ಇಟ್ಟುಕೊಳ್ಳಿ. ಎಣ್ಣೆ ದೀಪದ ಕಪ್ಪು, ಊದುಬತ್ತಿ, ಕರ್ಪೂರದ ಹೊಗೆ ವಾರ್ನಿಷ್ ಮೇಲೆ ಜಿಡ್ಡಾಗಿ ಕೂರುತ್ತವೆ. ರಂಗಕ್ಕೆ ಬಳಸುವ ಹೊಗೆಯಂತ್ರವೂ ಹಾಗೆಯೇ. ಅದರ ಸೂಕ್ಷ್ಮ ಹನಿಗಳು ಎಲ್ಲ ಮೇಲ್ಮೈಗಳಲ್ಲೂ ಪದರ ಕಟ್ಟುತ್ತವೆ. ಬಯಲಾಟದಲ್ಲಿ ರಕ್ಕಸ ಪಾತ್ರದ ಪ್ರವೇಶಕ್ಕೆ ದೀವಟಿಗೆಗೆ ರಾಳದ ಪುಡಿ ಎರಚುವ ಪದ್ಧತಿ ನೋಡಲು ಎಷ್ಟೇ ಭವ್ಯವಾದರೂ, ಮಾಡಿನ ಕೆಳಗೆ ಎಂದೆಂದಿಗೂ ಸಲ್ಲ. ಅಗ್ನಿಶಾಮಕ ಸಿಲಿಂಡರ್ ಇಡುವಾಗ ಒಣ ಪುಡಿಯದಷ್ಟನ್ನೇ ನೆಚ್ಚಬೇಡಿ. ಸಣ್ಣ ಕಿಡಿಗೆ ಅದನ್ನು ಸಿಡಿಸಿದರೂ ಆ ಪುಡಿ ಅರವತ್ತು ಕೃತಿಗಳ ಮೇಲೂ ಕೂತು ಲೋಹವನ್ನು ತಿನ್ನುತ್ತದೆ. ಮಿಕ್ಸರ್, ದೀಪಗಳ ಹತ್ತಿರ ಕಾರ್ಬನ್ ಡೈಆಕ್ಸೈಡಿನದು ಇರಲಿ. ಇನ್ನು, ಕಳ್ಳತನದ ಭಯಕ್ಕೆ ಹಿಂಬಾಗಿಲಿಗೆ ಬೀಗ ಹಾಕುವ ಅಭ್ಯಾಸ ಎಲ್ಲ ಚಿತ್ರಶಾಲೆಗಳಲ್ಲೂ ಇರುತ್ತದೆ. ಜನ ಒಳಗಿರುವಷ್ಟು ಹೊತ್ತು ಆ ಬೀಗ ತೆಗೆದಿರಬೇಕು, ಬಾಗಿಲ ಬಳಿ ಒಬ್ಬರು ನಿಂತಿರಬೇಕು.

ಗೋಡೆಗೆ ಒರಗುವವರು

ಬೈಠಕ್ ಎಂದರೆ ಹಿರಿಯರು ಗೋಡೆ ಹುಡುಕುತ್ತಾರೆ. ಬೆನ್ನಿಗೆ ಆಸರೆ ಬೇಕು, ತಪ್ಪೇನಿಲ್ಲ. ಆದರೆ ಒರಗಿದ ತಲೆಯ ಎಣ್ಣೆ ಗೋಡೆಗೆ, ಏಳುವಾಗ ಚಾಚಿದ ಕೈ ಚೌಕಟ್ಟಿಗೆ. ನಾಲ್ಕೂ ಗೋಡೆಗಳಿಂದ 1.2 ಮೀಟರ್ ಒಳಗೆ ಜಮಖಾನದ ಅಂಚು ಬರುವಂತೆ ಹಾಸಿ, ಅಂಚಿಗೆ ಕುಂಡಗಳನ್ನಲ್ಲ, ಹಗ್ಗದ ಕಂಬಗಳನ್ನು ಇಡಿ. ಹಿಂದಿನ ಸಾಲಿಗೆ ಕುರ್ಚಿ, ನಡುವೆ ಅಲ್ಲಲ್ಲಿ ಲೋಡು. ಹೀಗೆ ಮಾಡಿ ಕಲಾವಿದರ ಜಾಗ, ಓಡಾಡುವ ದಾರಿ ಕಳೆದರೆ ಸುಮಾರು 60 ಚದರ ಮೀಟರ್ ಉಳಿಯುತ್ತದೆ. 80ರ ಸಂಖ್ಯೆಗೆ ಇದೂ ಒಂದು ಕಾರಣ.

ಕೃತಿಗಳಿಗೆ ನೇರ ಪೆಟ್ಟು ಬೀಳುವುದು ಕಛೇರಿಯ ಹೊತ್ತಿನಲ್ಲಿ ಅಲ್ಲ, ಅದರ ಹಿಂದು ಮುಂದಿನ ಗಂಟೆಗಳಲ್ಲಿ. ಮೈಕ್ ಸ್ಟ್ಯಾಂಡ್ ಹೆಗಲ ಮೇಲೆ ಹೊತ್ತು ತಿರುಗುವ ಹುಡುಗ, ಏಣಿ, ತಂಬೂರಿಯ ಉದ್ದದ ಪೆಟ್ಟಿಗೆ, ಕೇಬಲ್ ಎಳೆಯುವಾಗ ಬೀಳುವ ಪೀಠ. ಸಾಮಾನು ತರುವಾಗಲೂ ಒಯ್ಯುವಾಗಲೂ ಚಿತ್ರಗಳನ್ನು ನೋಡಿಕೊಳ್ಳುವುದೊಂದೇ ಕೆಲಸವಿರುವ ಒಬ್ಬ ವ್ಯಕ್ತಿ ಬೇಕು. ಅವರ ಕೈಗೆ ಹಾರ, ಬ್ಯಾನರ್, ಅತಿಥಿಗಳ ಶಾಲು ಯಾವುದನ್ನೂ ಕೊಡಬೇಡಿ. ಬ್ಯಾನರನ್ನು ಗೋಡೆಗೆ ಮೊಳೆ ಹೊಡೆದು ಕಟ್ಟಬೇಡಿ, ನಿಲ್ಲುವ ಚೌಕಟ್ಟು ತರಿಸಿ. ಚಹಾ, ಉಪ್ಪಿಟ್ಟು ಅಂಗಳದಲ್ಲೇ. ಒಳಗೆ ಬಿದ್ದ ಒಂದು ತುಣುಕಿಗೆ ಜಿರಳೆ ಬರುತ್ತದೆ, ಜಿರಳೆ ಆಮೇಲೆ ಕಾಗದವನ್ನೂ ಬಿಡುವುದಿಲ್ಲ. ಹೂವಿನ ಹಾರದಲ್ಲೂ ಹುಳು ಬರುತ್ತದೆ.

ನಿಮ್ಮ ಮುಂದಿರುವ ದಾರಿಗಳು

ಕಛೇರಿಗೆ ನನ್ನ ಸಲಹೆ ಇದು. ಒಂದು ಚಿಕ್ಕ ಗೋಡೆಯನ್ನು ಕಾಯಂ ಆಗಿ ಖಾಲಿ ಬಿಡಿ, ಕಲಾವಿದರು ಅದಕ್ಕೆ ಬೆನ್ನು ಮಾಡಿ ಕೂರಲಿ. ಪ್ರತಿ ತಿಂಗಳೂ ಚಿತ್ರ ಇಳಿಸಿ ಏರಿಸುವುದು ಬೇಡ. ಕೈ ಬದಲಾದಷ್ಟೂ ಅಪಾಯ ಜಾಸ್ತಿ. ಮೈಸೂರು ಶೈಲಿಯ ಚಿತ್ರ, ತೊಗಲುಗೊಂಬೆ, ಜಲವರ್ಣಗಳನ್ನು ಒಮ್ಮೆಗೇ ಪಕ್ಕದ ಕೋಣೆಗೆ ಸಾಗಿಸಿ ಅಲ್ಲೇ ಅವುಗಳ ಪ್ರದರ್ಶನ ಮಾಡಿ. ಪಡಸಾಲೆಯಲ್ಲಿ ಗಟ್ಟಿಮುಟ್ಟಾದ, ಹಿಂಬಲಗೆ ಹಾಕಿದ ತೈಲಚಿತ್ರಗಳು ಮಾತ್ರ ಉಳಿಯಲಿ. ನವೆಂಬರ್‌ನಿಂದ ಫೆಬ್ರುವರಿವರೆಗೆ ನಾಲ್ಕು ಬೈಠಕ್, ಆದಷ್ಟೂ ಮೈಕ್ ಇಲ್ಲದೆ. ಹನ್ನೆರಡು ಸಾಧಾರಣ ಕಛೇರಿಗಿಂತ, ತಂಬೂರಿಯ ನಾದ ಹತ್ತಿರದಿಂದ ಕೇಳುವ ಈ ನಾಲ್ಕಕ್ಕೆ ಧಾರವಾಡದ ರಸಿಕರು ಬಂದೇ ಬರುತ್ತಾರೆ.

ರಂಗಭೂಮಿಯನ್ನು ಕೈಬಿಡಬೇಕಿಲ್ಲ, ರೂಪ ಬದಲಿಸಬೇಕು. ಒಬ್ಬರೋ ಇಬ್ಬರೋ ನಟರು, 25 ಪ್ರೇಕ್ಷಕರು, ಒಂದು ಚಿತ್ರದಿಂದ ಇನ್ನೊಂದಕ್ಕೆ ನಡೆಯುತ್ತಾ ನಲವತ್ತು ನಿಮಿಷದ ಪ್ರಯೋಗ, ಚಿತ್ರಶಾಲೆಯ ಇದ್ದ ಬೆಳಕಿನಲ್ಲೇ. ಪ್ರೇಕ್ಷಕರು ನಟನಿಂದ ಎರಡು ಮೂರು ಮೀಟರಿನಲ್ಲಿರುವುದರಿಂದ ಅನುರಣನ ಮಾತನ್ನು ಕೆಡಿಸುವುದು ಕಡಿಮೆ. ಕತ್ತಿ, ಕೋಲು, ನೀರು, ಬಣ್ಣದ ಪುಡಿ ಇರಕೂಡದು ಎಂದು ನಿರ್ದೇಶಕರಿಗೆ ಬರಹದಲ್ಲೇ ಕೊಡಿ. ಹೆಚ್ಚಿನ ನಿರ್ದೇಶಕರಿಗೆ ಇಂಥ ಕಟ್ಟುಪಾಡು ಇಷ್ಟವೇ ಆಗುತ್ತದೆ. ಇನ್ನೊಂದು ದಾರಿ, ವರ್ಷಕ್ಕೊಮ್ಮೆ ಪ್ರದರ್ಶನ ಬದಲಿಸುವಾಗ ಗೋಡೆಗಳು ಖಾಲಿಯಾಗುವ ಆ ಒಂದು ವಾರ. ಆಗ ಪೂರ್ಣ ದೀಪ, ಪೂರ್ಣ ಸಜ್ಜಿನ ನಾಟಕ ಆಡಿಸಿ. ಮುಗಿದ ಮೇಲೆ ಎರಡು ದಿನ ದೂಳು ಕೂರಲು ಬಿಟ್ಟು, ಒರೆಸಿ, ಆರ್ದ್ರತೆ ಹಳೆಯ ಮಟ್ಟಕ್ಕೆ ಬಂದ ಮೇಲೆ ಚಿತ್ರ ತೂಗಿಸಿ. ಈ ದಾರಿಯ ಕೊರತೆ ಎಂದರೆ ಚಿತ್ರಗಳ ನಡುವೆ ಆಡುವ ಸೊಗಸು ಸಿಗುವುದಿಲ್ಲ. ದೊಡ್ಡಾಟಕ್ಕೆ ಅಂಗಳ, ಆಟ ಶುರುವಾಗುವ ಮೊದಲು ಒಂದು ಗಂಟೆ ಚಿತ್ರಶಾಲೆ ತೆರೆದಿಟ್ಟು, ಆಟ ಶುರುವಾದೊಡನೆ ಅಂಗಳದ ಕಡೆಯ ಬಾಗಿಲು ಕಿಟಕಿ ಮುಚ್ಚಿ.

ಬೇರೆಯವರಿಂದ ಎರವಲು ತಂದ ಕೃತಿಗಳು ನಿಮ್ಮಲ್ಲಿದ್ದರೆ ಕಾರ್ಯಕ್ರಮಕ್ಕೆ ಅವರ ಲಿಖಿತ ಒಪ್ಪಿಗೆ ಪಡೆಯಿರಿ. ವಿಮಾ ಪಾಲಿಸಿಯಲ್ಲಿ ಸಾರ್ವಜನಿಕ ಕಾರ್ಯಕ್ರಮದ ವೇಳೆಯ ಹಾನಿ ಸೇರಿದೆಯೇ ಎಂದು ಏಜೆಂಟರನ್ನು ಬಾಯಿಮಾತಿನಲ್ಲಲ್ಲ, ಪತ್ರದಲ್ಲಿ ಕೇಳಿ.

ಮೊದಲ ಬೈಠಕ್ಕಿಗೆ ಹಿಂದಿನ ದಿನ ಪ್ರತಿ ಕೃತಿಯ ನಾಲ್ಕು ಮೂಲೆ ಮತ್ತು ನಡುಭಾಗವನ್ನು ಪಕ್ಕದ ಬೆಳಕಿನಲ್ಲಿ ಫೋಟೊ ತೆಗೆದಿಡಿ. ಮರುದಿನ ಬೆಳಿಗ್ಗೆ, ಕಸ ಗುಡಿಸುವ ಮೊದಲು, ಪ್ರತಿ ಚಿತ್ರದ ಕೆಳಗಿನ ನೆಲವನ್ನೂ ಚೌಕಟ್ಟಿನ ಕೆಳ ಅಂಚನ್ನೂ ಟಾರ್ಚ್ ಹಿಡಿದು ನೋಡಿ. ಬಣ್ಣದ ಚೂರು ಸಿಕ್ಕರೆ ಗುಡಿಸಿ ಎಸೆಯದೆ ಪುಟ್ಟ ಕಾಗದದಲ್ಲಿ ಮಡಚಿ, ಯಾವ ಚಿತ್ರದ ಕೆಳಗೆ ಸಿಕ್ಕಿತು ಎಂದು ಬರೆದಿಡಿ. ಸಂರಕ್ಷಕರು ಅದನ್ನು ಮರಳಿ ಕೂರಿಸಬಲ್ಲರು. ಮಾಪಕದ ಅಂಕಿ ಹತ್ತಕ್ಕಿಂತ ಹೆಚ್ಚು ಏರಿದ್ದರೆ ಮುಂದಿನ ಸಲ 60 ಜನರಿಗೆ ಇಳಿಸಿ, ಮಧ್ಯಂತರವನ್ನು ಅರ್ಧ ಗಂಟೆ ಮಾಡಿ. ಎರಡನೇ ಸಲವೂ ಹಾಗೇ ಆದರೆ ಆ ವರ್ಷದ ಉಳಿದ ಬೈಠಕ್‌ಗಳನ್ನು ಅಂಗಳದ ಜಗಲಿಗೆ ಬದಲಾಯಿಸಿ.